ಪುಣೆಯ ಶೆಡ್ಡಿನಲ್ಲಿ ಹಾಟ್ ರಾಡ್: ಕಾಗದಪತ್ರದಿಂದ ಮೊದಲ ಓಟದವರೆಗೆ

ಹಾಟ್ ರಾಡ್ ಅಂದರೆ ಹಳೇ ಕಾರನ್ನು ಬಿಚ್ಚಿ, ಹಗುರ ಮಾಡಿ, ವೇಗಕ್ಕೆಂದು ಮತ್ತೆ ಕಟ್ಟಿದ ಗಾಡಿ. ಅದನ್ನು ಕಟ್ಟುವ ಆಸೆ ಹತ್ತಿದವರೆಲ್ಲ ಮೊದಲು ಕೇಳುವುದು ಎಂಜಿನ್ ವಿಷಯ. ಯಾವುದು ಹಾಕಲಿ, ಎಷ್ಟು ಪವರ್ ಬರುತ್ತೆ? ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಮೊದಲು ಕಾಗದಪತ್ರ, ಆಮೇಲೆ ಚಾಸಿ (ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು), ಆಮೇಲೆ ಸ್ಟೀರಿಂಗ್ ಮತ್ತು ಬ್ರೇಕ್. ಇಷ್ಟು ಸರಿಯಾದರೆ ಸಾಧಾರಣ ಎಂಜಿನ್ ಹಾಕಿದರೂ ಗಾಡಿ ಓಡಿಸೋಕೆ ಖುಷಿಯಾಗುತ್ತದೆ. ಇಷ್ಟು ಕೆಟ್ಟರೆ ಎಂಥ ಎಂಜಿನ್ ತಂದು ಕೂರಿಸಿದರೂ ಗಾಡಿ ಶೆಡ್ಡಿನಲ್ಲೇ ಧೂಳು ಹಿಡಿಯುತ್ತದೆ. ಅದಕ್ಕೇ ಇಲ್ಲಿ ಎಂಜಿನ್ ತಡವಾಗಿ ಬರುತ್ತದೆ, ಬಣ್ಣ ಇನ್ನೂ ತಡವಾಗಿ.

ಕಾಲ ಗೊತ್ತುಮಾಡಿಕೊಳ್ಳಿ

1930ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಕೈಯಲ್ಲಿ ಕಾಸಿಲ್ಲದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳನ್ನು ತರುತ್ತಿದ್ದರು. ಮಡ್‌ಗಾರ್ಡ್, ಬಾನೆಟ್, ಬಂಪರ್ ಕಿತ್ತು ಗಾಡಿ ಹಗುರ ಮಾಡುತ್ತಿದ್ದರು. ಮ್ಯುರಾಕ್‌ನಂಥ ಒಣಗಿದ ಕೆರೆಗಳ ಗಟ್ಟಿ ನೆಲದ ಮೇಲೆ ಎಷ್ಟು ವೇಗ ಬರುತ್ತದೆ ಅಂತ ಓಡಿಸಿ ನೋಡುತ್ತಿದ್ದರು. 1932ರಲ್ಲಿ ಫೋರ್ಡ್ 65 ಅಶ್ವಶಕ್ತಿಯ, 221 ಕ್ಯೂಬಿಕ್ ಇಂಚಿನ ವಿ8 ಎಂಜಿನ್ನನ್ನು ಸಾಮಾನ್ಯರ ಕಾರಿಗೆ ಹಾಕಿತು. ಆ ಎಂಜಿನ್ನು ಗುಜರಿಗೆ ಬರತೊಡಗಿದಾಗ ಹಳೇ ಮಾಡೆಲ್ ಎ ಗಾಡಿಗಳಲ್ಲಿ ಹೋಗಿ ಕೂತಿತು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಶುರುವಾಗಿ ಈ ಓಟಗಳಿಗೆ ನಿಯಮ ಬಂತು. ಎರಡನೇ ಮಹಾಯುದ್ಧ ಮುಗಿಸಿ ವಾಪಸಾದ ಹುಡುಗರು ಸೈನ್ಯದಲ್ಲಿ ಕಲಿತ ವೆಲ್ಡಿಂಗ್, ಮೆಕ್ಯಾನಿಕ್ ಕೆಲಸವನ್ನು ಇದಕ್ಕೇ ಹಾಕಿದರು.

ಹಳೇ ಶೈಲಿಯ ಹಾಟ್ ರಾಡ್ ಎಂದರೆ ಆ ಕಾಲದ ಹುಡುಗನೊಬ್ಬ ತನ್ನ ಹಿತ್ತಲಲ್ಲಿ ಕಟ್ಟಬಹುದಾಗಿದ್ದ ಗಾಡಿ. ಆದ್ದರಿಂದ ಕೆಲಸ ಶುರುಮಾಡುವ ಮುಂಚೆ ಒಂದು ವರ್ಷ ಆರಿಸಿಕೊಳ್ಳಿ. 1955 ಅಂತ ಇಟ್ಟುಕೊಳ್ಳೋಣ. ಆಮೇಲೆ ಪ್ರತಿ ಸಾಮಾನು ಕೈಗೆ ತಗೊಂಡಾಗಲೂ ಒಂದೇ ಪ್ರಶ್ನೆ: 1955ರಲ್ಲಿ ಇದು ಇತ್ತಾ? ಈಗಿನ ಬಗೆಯ ಅಲಾಯ್ ವೀಲ್ ಇಲ್ಲ, ಎಲ್‌ಇಡಿ ಇಲ್ಲ, ಅಗಲದ ರೇಡಿಯಲ್ ಟೈರ್ ಇಲ್ಲ. ಈ ಗೆರೆ ಹಾಕಿಕೊಂಡರೆ ದುಡ್ಡೂ ಉಳಿಯುತ್ತದೆ, ಗಾಡಿಗೆ ಒಂದು ಹದವೂ ಬರುತ್ತದೆ. ಬ್ರೇಕ್ ಮತ್ತು ವೈರಿಂಗ್ ಎರಡಕ್ಕೆ ಮಾತ್ರ ಈ ಗೆರೆ ದಾಟಬಹುದು. ಅಲ್ಲಿ ಹಟ ಮಾಡಬೇಡಿ.

ಕಾನೂನು

ಇದನ್ನು ಓದದೆ ಮುಂದೆ ಹೋಗಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

"ವಿಂಟೇಜ್ ಗಾಡಿಗೆ ಬೇರೆ ರಿಜಿಸ್ಟ್ರೇಷನ್ ಇದೆಯಲ್ವಾ?" ಅಂತ ಕೇಳುವವರಿದ್ದಾರೆ. ಇದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ್ದಾರೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ನಂಬರಿನಲ್ಲಿ ವಿಎ ಅಕ್ಷರ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಮುಟ್ಟಿ ಬದಲಿಸಿರಬಾರದು. ನಾವು ಮಾಡಲು ಹೊರಟಿರುವುದೇ ಆ ಮೂರನ್ನು! ಹಾಗಾಗಿ ಹಾಟ್ ರಾಡ್‌ಗೆ ವಿಎ ನಂಬರಿನ ಆಸೆ ಬಿಡಿ.

ಅಂದರೆ ಈ ಗಾಡಿ ಖಾಸಗಿ ಜಾಗಕ್ಕೆ, ಪ್ರದರ್ಶನಕ್ಕೆ, ಮುಚ್ಚಿದ ಟ್ರ್ಯಾಕಿಗೆ. ಅಲ್ಲಿಗೂ ಟ್ರೈಲರ್ ಮೇಲೆ ಸಾಗಿಸಬೇಕು. ಲೋಣಾವಳ ಹತ್ತಿರದ ಆಂಬಿ ವ್ಯಾಲಿಯ ವಿಮಾನದ ಪಟ್ಟಿಯಲ್ಲಿ ಡ್ರ್ಯಾಗ್ ಓಟಗಳು ನಡೆದಿವೆ. ಅಂಥ ಕಡೆ ಭಾಗವಹಿಸುವ ಯೋಚನೆ ಇದ್ದರೆ, ಅವರ ಸುರಕ್ಷತಾ ನಿಯಮಗಳನ್ನು ವೆಲ್ಡಿಂಗ್ ಶುರುವಾಗುವ ಮುಂಚೆಯೇ ತರಿಸಿ ಓದಿ. ರಸ್ತೆಗೇ ಇಳಿಸಬೇಕು ಅನ್ನುವವರು ಮೊದಲು ಆರ್‌ಟಿಓ ಅಧಿಕಾರಿಯ ಬಳಿ ಹೋಗಿ ಲಿಖಿತದಲ್ಲಿ ಕೇಳಿ. ಏಜೆಂಟ್ ಬಾಯಿಮಾತಿನಲ್ಲಿ "ಆಗ್ತದ್ರೀ, ಮಾಡಿಸಿಕೊಡ್ತೀನಿ" ಅಂದರೆ ನಂಬಬೇಡಿ. ಏನೇ ಆದರೂ ಚಾಸಿ ನಂಬರು ಹೊಡೆದಿರುವ ಜಾಗವನ್ನು ಉಜ್ಜಬೇಡಿ, ಕತ್ತರಿಸಬೇಡಿ, ಅದರ ಮೇಲೆ ಪ್ಲೇಟ್ ಕೂರಿಸಬೇಡಿ.

ಯಾವ ಗಾಡಿ ತರಬೇಕು, ಯಾವುದನ್ನು ಬಿಡಬೇಕು

ಪೂರ್ತಿ ಇರುವ, ಓಡುವ ವಿಂಟೇಜ್ ಕಾರನ್ನು ಕತ್ತರಿಸಬೇಡಿ. ನನಗೆ ಇದರಲ್ಲಿ ಎರಡನೇ ಮಾತಿಲ್ಲ. ನಮ್ಮ ದೇಶದಲ್ಲಿ ಉಳಿದಿರುವುದೇ ಕೆಲವು. ಹಾಟ್ ರಾಡ್‌ಗೆ ಬೇಕಾದ್ದು ಯಾರೂ ಇನ್ನು ರಿಪೇರಿ ಮಾಡಿ ಮೂಲ ರೂಪಕ್ಕೆ ತರಲಾರದ ಗಾಡಿ: ಎಂಜಿನ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸೀಟು ಇಲ್ಲ, ಆದರೆ ಚಾಸಿ ಇದೆ, ಬಾಡಿಯ ಮುಕ್ಕಾಲು ಭಾಗ ಇದೆ, ಕಾಗದ ಇದೆ.

ಮುಂಬೈ-ಪುಣೆ ಭಾಗದಲ್ಲಿ ಇಂಥವು ಸಿಗಲು ಕಾರಣವಿದೆ. ಜನರಲ್ ಮೋಟರ್ಸ್ 1928ರಲ್ಲೇ ಮುಂಬೈನ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ಹಾಕಿತ್ತು. ಫೋರ್ಡ್ ಕೂಡ ಮುಂಬೈನಲ್ಲಿ ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್ ಗಾಡಿಗಳ ಜೋಡಣೆ ಶುರುವಾಯಿತು. ಹಾಗಾಗಿ ಈ ಭಾಗದ ಹಳೇ ವಾಡೆಗಳ ಹಿಂದೆ, ಸಕ್ಕರೆ ಕಾರ್ಖಾನೆಗಳ ಗೋಡೌನ್‌ಗಳಲ್ಲಿ, ತೋಟದ ಮನೆಗಳಲ್ಲಿ ಚೆವ್ರೊಲೆಟ್, ಡಾಡ್ಜ್‌ಗಳ ಅವಶೇಷ ಇನ್ನೂ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವು ನಾಲ್ಕು ಬಾಗಿಲಿನವು. ಅಮೆರಿಕದ ಹಾಟ್ ರಾಡ್ ಮಂದಿ ನಾಲ್ಕು ಬಾಗಿಲು ಕಂಡರೆ ಮೂಗು ಮುರಿಯುತ್ತಾರೆ. ಅವರು ಮುರಿದುಕೊಳ್ಳಲಿ. ನಮಗೆ ಸಿಗುವುದು ಅದೇ, ಮತ್ತು ಮನೆಮಂದಿ ಎಲ್ಲ ಕೂರಬಹುದು.

ಅಂಬಾಸಡರ್, ಪದ್ಮಿನಿ ಸುಲಭವಾಗಿ ಸಿಗುತ್ತವೆ ಅಂತ ಅದಕ್ಕೆ ಕೈಹಾಕಬೇಡಿ. ಅವೆರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಡಿ ಎತ್ತಿ ಕೆಳಗಿಟ್ಟು ಕೆಲಸ ಮಾಡುವ ಹಾಗಿಲ್ಲ. ಅಲ್ಲಿ ಒಂದು ತುಂಡು ಕತ್ತರಿಸಿದರೆ ಇನ್ನೆಲ್ಲೋ ಬಾಗುತ್ತದೆ. ಏಣಿಯ ಹಾಗೆ ಎರಡು ಉದ್ದ ಪಟ್ಟಿ, ನಡುವೆ ಅಡ್ಡಪಟ್ಟಿಗಳಿರುವ ಚಾಸಿಯೇ ಬೇಕು.

ನೋಡಲು ಹೋದಾಗ ಎರಡು ವಿಷಯ ಮರೆಯಬೇಡಿ. ಒಂದು, 1930ರ ದಶಕದ ಮೊದಲರ್ಧದ ಚೆವ್ರೊಲೆಟ್ ಬಾಡಿಗಳ ಒಳಗೆ ಮರದ ಚೌಕಟ್ಟಿರುತ್ತದೆ. ತಗಡನ್ನು ಅದರ ಮೇಲೆ ಮೊಳೆ ಹೊಡೆದು ಕೂರಿಸಿರುತ್ತಾರೆ. ನಮ್ಮ ಮಳೆ ಮತ್ತು ಗೆದ್ದಲು ಆ ಮರವನ್ನು ಬಿಟ್ಟಿರುವುದಿಲ್ಲ. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ ನೋಡಿ. ಕೀಲಿನ ಹತ್ತಿರದ ಕಂಬವೇ ಅಲುಗಿದರೆ ಒಳಗಿನ ಮರ ಪುಡಿಯಾಗಿದೆ ಅಂತ ಅರ್ಥ. ಹಾಗಂತ ಗಾಡಿ ಬಿಡಬೇಕಿಲ್ಲ, ಬೆಲೆ ಇಳಿಸಿ. ಒಳ್ಳೇ ಬಡಗಿ ಸಿಕ್ಕರೆ ಮಾಡಿಕೊಡುತ್ತಾರೆ. ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ ಕಡೆ ವಿಚಾರಿಸಿ, ಹಳೇ ವಾಡೆ ಕೆಡವಿದ ಸಾಗವಾನಿ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಎರಡನೆಯದು, 1934ರಿಂದ ಕೆಲವು ವರ್ಷ ಚೆವ್ರೊಲೆಟ್‌ನ ದುಬಾರಿ ಮಾದರಿಗಳ ಮುಂದಿನ ಚಕ್ರಕ್ಕೆ 'ನೀ ಆಕ್ಷನ್' (Knee Action) ಎಂಬ ಬೇರೆ ಬಗೆಯ ಸಸ್ಪೆನ್ಷನ್ ಬರುತ್ತಿತ್ತು. ಅದರಿಂದ ಎಣ್ಣೆ ಸೋರುತ್ತದೆ, ರಿಪೇರಿ ಬಲ್ಲವರಿಲ್ಲ. ನೇರ ಆಕ್ಸಲ್ ಇರುವ ಗಾಡಿಯನ್ನೇ ಹುಡುಕಿ.

ಜಾಗ, ಸಾಮಾನು

ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇದು ಆಗದ ಮಾತು. ಗ್ರೈಂಡರ್ ಸದ್ದಿಗೆ ಮೊದಲ ಭಾನುವಾರವೇ ಸೆಕ್ರೆಟರಿ ಬಂದು ನಿಲ್ಲುತ್ತಾರೆ. ಸ್ವಂತ ಮನೆಯ ಹಿತ್ತಲಿದ್ದರೆ ಅದೃಷ್ಟ. ಇಲ್ಲವೇ ಪುಣೆಯ ಕೈಗಾರಿಕಾ ಪ್ರದೇಶ ಭೋಸರಿ ಕಡೆ ಚಿಕ್ಕ ಗಾಳಾ (ಕಾರ್ಖಾನೆ ಶೆಡ್ಡು) ಬಾಡಿಗೆಗೆ ಹಿಡಿಯಿರಿ. ಬಾಡಿ ಎತ್ತಿಟ್ಟರೆ ಎರಡು ಕಾರಿನಷ್ಟು ಜಾಗ ಬೇಕಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನೆಲ ಸಿಮೆಂಟಿನದೇ ಆಗಿರಲಿ, ಮಟ್ಟವಾಗಿರಲಿ.

ಬೇಕಾಗುವ ಸಾಮಾನು: ಮಿಗ್ ವೆಲ್ಡಿಂಗ್ ಮೆಷಿನ್ (ತಂತಿ ತಾನಾಗೇ ಬರುವ ಬಗೆಯದು), ಗ್ರೈಂಡರ್, ಭಾರ ಎತ್ತಲು ಚೈನ್ ಬ್ಲಾಕ್, ಒಳ್ಳೇ ಜಾಕಿ, ಅದರ ಜೊತೆ ನಾಲ್ಕು ಕಬ್ಬಿಣದ ಸ್ಟ್ಯಾಂಡ್. ಇಟ್ಟಿಗೆ, ಮರದ ತುಂಡಿನ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಪಾನಾಗಳು ಇಂಚಿನ ಅಳತೆಯವೇ ಬೇಕು. ಎಂಎಂ ಪಾನಾ ಹಾಕಿದರೆ ಎಂಬತ್ತು ವರ್ಷದ ಬೋಲ್ಟಿನ ಮೂಲೆ ಉರುಟಾಗುತ್ತದೆ. ಇಂಚಿನ ಹಳೇ ಪಾನಾ ಹುಡುಕಲು ಬುಧವಾರ ಅಥವಾ ಭಾನುವಾರ ಪುಣೆಯ ಜುನಾ ಬಾಜಾರಿಗೆ ಹೋಗಿ. ಬೇರಿಂಗ್, ಸೀಲ್, ಹೋಸ್, ಕ್ಲಚ್ ಪ್ಲೇಟಿಗೆ ನಾನಾ ಪೇಟ್. ಹಳೇ ಸಾಮಾನು ಕೈಯಲ್ಲೇ ಹಿಡಿದು ಹೋಗಿ. "1938 ಚೆವ್ರೊಲೆಟ್ ಬೇರಿಂಗ್ ಕೊಡಿ" ಅಂದರೆ ಅಂಗಡಿಯವರು ನಗುತ್ತಾರೆ. ಒಳ ಅಳತೆ, ಹೊರ ಅಳತೆ, ದಪ್ಪ ಹೇಳಿದರೆ ಕಪಾಟು ತೆಗೆಯುತ್ತಾರೆ. ಮುಂಬೈಗೆ ಹೋಗುವ ಕೆಲಸವಿದ್ದರೆ ಚೋರ್ ಬಾಜಾರಿಗೂ ಒಂದು ಸುತ್ತು ಹಾಕಿ. ಮೀಟರ್, ಹೆಡ್‌ಲೈಟ್, ಹಾರ್ನ್ ನೋಡಲು ಅದು ಒಳ್ಳೇ ಜಾಗ. ಚೌಕಾಶಿ ನಿಮಗೆ ಬಿಟ್ಟದ್ದು.

ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಜಿಪ್ ಚೀಲದಲ್ಲಿ ಹಾಕಿ ಎಲ್ಲಿಯದು ಅಂತ ಬರೆಯಿರಿ. ಬಾಡಿ ಎತ್ತುವ ಮುಂಚೆ ಬಾಗಿಲಿನ ಎರಡು ಕಂಬಗಳ ನಡುವೆ ಚೌಕ ಪೈಪ್ ಅಡ್ಡ ಹಾಕಿ ಟ್ಯಾಕ್ ಮಾಡಿ, ಅಂದರೆ ಅಲ್ಲಲ್ಲಿ ಚುಕ್ಕೆಯಷ್ಟೇ ವೆಲ್ಡ್ ಮಾಡಿ. ಇದನ್ನು ಬಿಟ್ಟರೆ ಬಾಡಿ ಎತ್ತಿದ ತಕ್ಷಣ ಜಗ್ಗುತ್ತದೆ, ಆಮೇಲೆ ಯಾವ ಬಾಗಿಲೂ ಮುಚ್ಚುವುದಿಲ್ಲ.

ಚಾಸಿ ನೇರ ಇದೆಯಾ?

ಭೋಸರಿಯಲ್ಲಿ ನಮ್ಮ ಲೇತ್ ಕೆಲಸ ಮಾಡಿಕೊಡುವ ಮೇಸ್ತ್ರಿ ವಿಜಯಪುರ ಕಡೆಯವರು. ಯಾರಾದರೂ ಹೊಸಬರು ಬಂದು ಬಣ್ಣದ ಮಾತೆತ್ತಿದರೆ ಅವರ ಉತ್ತರ ಒಂದೇ: "ಸರ, ಮೊದ್ಲ ಚಾಸಿ ಸೀದಾ ಅದನೋ ಇಲ್ಲೋ ನೋಡ್ರಿ. ಬಣ್ಣ ಯಾರರ ಹಚ್ತಾರ."

ನೋಡುವ ಕ್ರಮ ಹೀಗೆ. ಚಾಸಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟವಾಗಿ ಇಡಿ. ಗೌಂಡಿಗಳು ಗೋಡೆ ಕಟ್ಟುವಾಗ ಬಿಡುವ ತೂಗುಗುಂಡು ತಗೊಳ್ಳಿ. ಎಡಪಟ್ಟಿಯಲ್ಲಿ ಒಂದು ರಿವೆಟ್ ಅಥವಾ ತೂತು ಆರಿಸಿ. ಬಲಪಟ್ಟಿಯಲ್ಲಿ ಅದರ ಜೋಡಿಯನ್ನು ಹುಡುಕಿ. ಎರಡರಿಂದಲೂ ದಾರ ಬಿಟ್ಟು, ಗುಂಡು ಅಲುಗಾಡುವುದು ನಿಂತ ಮೇಲೆ ನೆಲದಲ್ಲಿ ಚುಕ್ಕೆ ಹಾಕಿ. ಮುಂದಿನಿಂದ ಹಿಂದಿನವರೆಗೆ ಇಂಥ ನಾಲ್ಕೈದು ಜೋಡಿ ಚುಕ್ಕೆ ಆಗಲಿ. ಈಗ ಚಾಸಿಯನ್ನು ಪಕ್ಕಕ್ಕೆ ಸರಿಸಿ. ಮುಂದಿನ ಎಡ ಚುಕ್ಕೆಯಿಂದ ಅದರ ಹಿಂದಿನ ಜೋಡಿಯ ಬಲ ಚುಕ್ಕೆಗೆ, ಬಲದಿಂದ ಎಡಕ್ಕೆ ಸುಣ್ಣದ ದಾರ ಹೊಡೆಯಿರಿ. ಪ್ರತಿ ಎರಡು ಜೋಡಿಗೂ ಒಂದೊಂದು ಕತ್ತರಿ ಗುರುತು ಬರುತ್ತದೆ. ಕತ್ತರಿಯ ಎರಡು ಗೆರೆಗಳ ಉದ್ದ ಅಳೆಯಿರಿ. ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸವಿದ್ದರೆ ತೊಂದರೆಯಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಚಾಸಿ ಸೊಟ್ಟ. ಎಲ್ಲ ಕತ್ತರಿಗಳ ನಡುಬಿಂದುಗಳೂ ಒಂದೇ ನೇರದಲ್ಲಿ ಬರಬೇಕು. ಎಲ್ಲಿ ಬಿಂದು ಪಕ್ಕಕ್ಕೆ ಸರಿದಿದೆಯೋ ಅಲ್ಲೇ ಗಾಡಿ ಯಾವತ್ತೋ ಏಟು ತಿಂದಿದೆ. ಲಾರಿ ಚಾಸಿ ನೇರ ಮಾಡುವವರ ಬಳಿ ಇದು ಸರಿಯಾಗುತ್ತದೆ. ನೆಲದ ಗೆರೆಗಳನ್ನು ಅಳಿಸಬೇಡಿ, ವೆಲ್ಡಿಂಗ್ ಮುಗಿದ ಮೇಲೆ ಮತ್ತೆ ಹೋಲಿಸಬೇಕು.

ಆಮೇಲೆ ತುಕ್ಕು. ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಸತ್ತ ಕಬ್ಬಿಣ ದಬ್ ಅನ್ನುತ್ತದೆ. ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ, ಎರಡು ಪದರ ಕೂಡುವಲ್ಲಿ ವಿಶೇಷವಾಗಿ ನೋಡಿ.

ಆ ಕಾಲದ ಹಲವು ಚಾಸಿಗಳು ಸಿ ಆಕಾರದವು, ಹೆಚ್ಚಿನ ಎಂಜಿನ್ ಬಲಕ್ಕೆ ತಿರುಚುತ್ತವೆ. ತೆರೆದ ಬದಿಗೆ 3 ಮಿಲಿಮೀಟರ್ ಪ್ಲೇಟ್ ಮುಚ್ಚಿ ಪೆಟ್ಟಿಗೆಯಂತೆ ಮಾಡಬೇಕು. ಭೋಸರಿಯಲ್ಲಿ ಲೇಸರ್ ಕಟಿಂಗ್‌ನವರಿಗೆ ರಟ್ಟಿನ ಮಾದರಿ ಕೊಟ್ಟರೆ ಸರಿಯಾಗಿ ಕತ್ತರಿಸಿಕೊಡುತ್ತಾರೆ. ಕೂರಿಸುವಾಗ ಆತುರ ಬೇಡ. ಮೊದಲು ಉದ್ದಕ್ಕೂ ಟ್ಯಾಕ್. ಆಮೇಲೆ ಒಂದಿಂಚು ಇಲ್ಲಿ, ಒಂದಿಂಚು ಆ ತುದಿಯಲ್ಲಿ, ಮತ್ತೆ ಇನ್ನೊಂದು ಪಟ್ಟಿಯಲ್ಲಿ. ಒಂದೇ ಸಲ ಉದ್ದ ಎಳೆದರೆ ಬಿಸಿಗೆ ಚಾಸಿ ಬಾಳೆಹಣ್ಣಿನಂತೆ ಬಾಗುತ್ತದೆ. ಮಿಗ್ ಕೈ ಪಳಗದವರು ಟ್ಯಾಕ್ ಮಾತ್ರ ಮಾಡಿಟ್ಟು ಪೂರ್ತಿ ವೆಲ್ಡಿಂಗ್ ಅನುಭವಿಗಳಿಗೆ ಬಿಡಿ. ಜೀವ ಹಿಡಿದುಕೊಳ್ಳುವ ಜೋಡುಗಳಿವು.

ನಿಲುವು: ಚಕ್ರ, ಟೈರ್, ಕಮಾನು ಪಟ್ಟಿ

ಹಾಟ್ ರಾಡ್ ಚೆಂದ ಕಾಣುವುದು ಅದು ನಿಂತ ಭಂಗಿಯಿಂದ. ಹಿಂದಿನ ಚಕ್ರ ದೊಡ್ಡದು, ಮುಂದಿನದು ಸಣ್ಣದು, ಮೂಗು ಸ್ವಲ್ಪ ಕೆಳಗೆ. ಇದಕ್ಕೆ ಅಮೆರಿಕದಿಂದ ಟೈರ್ ತರಿಸಬೇಕಿಲ್ಲ. ಮುಂದೆ ಜೀಪಿನ 6.00-16, ಹಿಂದೆ ಸಣ್ಣ ಲಾರಿಗಳ 7.50-16 (ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ). ಎರಡೂ ಹಳೇ ನೈಲಾನ್ ಬಗೆಯವು, ನಮ್ಮ ಟೈರ್ ಪೇಟೆಯಲ್ಲೇ ಸಿಗುತ್ತವೆ. ವ್ಯಾಸದಲ್ಲಿ ಸುಮಾರು ಮೂರು ಇಂಚು ಅಂತರ ಬರುತ್ತದೆ. ಆ ನೋಟಕ್ಕೆ ಅಷ್ಟು ಸಾಕು. ಟ್ರ್ಯಾಕ್ಟರ್ ಮುಂಗಾಲಿಗೂ 6.00-16 ಅಳತೆಯ ಟೈರ್ ಬರುತ್ತದೆ. ಅದು ವೇಗಕ್ಕಲ್ಲ, ತರಬೇಡಿ. 7.50ಕ್ಕೆ ಅಗಲದ ರಿಮ್ ಬೇಕು. ಕಡಿಮೆ ಪ್ಲೈ (ಟೈರಿನ ಒಳಪದರ) ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಹಗುರ ಗಾಡಿಯಲ್ಲಿ ಬೆನ್ನು ಹೋಗುತ್ತದೆ.

ಒಂದು ಅನುಕೂಲದ ವಿಷಯ: 1928ರಿಂದ 1935ರವರೆಗಿನ ಮತ್ತು 1940ರಿಂದ 1948ರವರೆಗಿನ ಫೋರ್ಡ್ ಕಾರಿಗೂ ಜೀಪಿಗೂ ಚಕ್ರದ ಬೋಲ್ಟ್ ಸುತ್ತು ಒಂದೇ, ಐದು ಬೋಲ್ಟ್, ಐದೂವರೆ ಇಂಚು. ಮಾರುತಿ ಜಿಪ್ಸಿಗೂ ಅದೇ. ನಡುವಿನ ತೂತು ಮತ್ತು ಕೂರುವ ಮೈ ಮಾತ್ರ ಬೇರೆಯಿರಬಹುದು, ಇಟ್ಟು ನೋಡಿ. ಇದರಿಂದ ಜೀಪಿನ ಆಕ್ಸಲ್ ಕೂಡ ಹಾಕಬಹುದು ಅಂತ ಅನ್ನಿಸುತ್ತದೆ. ಬೇಡ. ಹಳೇ ಜೀಪಿನ ಎರಡು ಚಕ್ರಗಳ ನಡುವಿನ ಅಂತರ 48-49 ಇಂಚು. ಅಮೆರಿಕನ್ ಕಾರಿನದು 56 ಇಂಚಿನ ಆಸುಪಾಸು. ದೊಡ್ಡ ಬಾಡಿಯ ಕೆಳಗೆ ಚಕ್ರ ಒಳಗೆ ಸೇರಿಕೊಂಡು ಗಾಡಿ ಪೆಚ್ಚಾಗಿ ಕಾಣುತ್ತದೆ.

ಮೂಗು ಇಳಿಸಲು ಮುಂದಿನ ಆಕ್ಸಲನ್ನು ಬಿಸಿ ಮಾಡಿ ಬಗ್ಗಿಸುವ ಸಾಹಸ ಮಾಡಬೇಡಿ. ಕುಲುಮೆಯಲ್ಲಿ ಬಡಿದು ಮಾಡಿದ ಉಕ್ಕು ಅದು. ಅದರ ಮೇಲೆ ವೆಲ್ಡಿಂಗ್ ಕಿಡಿಯೂ ಬೀಳಬಾರದು. ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಮಾಡುವವರ ಬಳಿ ಹೋಗಿ. ಒಂದೆರಡು ಎಲೆ ಕಡಿಮೆ ಮಾಡಿಸಿ, ಮುಖ್ಯ ಎಲೆಯ ಕಣ್ಣನ್ನು (ತುದಿಯ ಸುರುಳಿಯನ್ನು) ತಿರುವುಮುರುವು ಸುತ್ತಿಸಿ. ಕಣ್ಣು ತಿರುವಿದ್ದಕ್ಕೇ ಒಂದಿಂಚಿನ ಮೇಲೆ ಇಳಿಯುತ್ತದೆ. 1955ರಲ್ಲೂ ಹೀಗೇ ಮಾಡುತ್ತಿದ್ದರು.

ಸ್ಟೀರಿಂಗ್

ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ ಗೂಟ), ಬುಷ್, ಬಾಲ್ ಜಾಯಿಂಟ್ ಯಾವುದರಲ್ಲೂ ಆಟ ಇರಬಾರದು. ಹೊಸದು ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ. ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ 5ರಿಂದ 7 ಡಿಗ್ರಿ ವಾಲಿರಲಿ. ಇದು ಕಡಿಮೆಯಾದರೆ ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ಅಂತ ನಡುಗುತ್ತವೆ. ಮೂಗು ಇಳಿಸಿದಾಗ ಈ ಕೋನವೂ ಕಡಿಮೆಯಾಗುತ್ತದೆ. ಅದಕ್ಕೇ ಪೂರ್ತಿ ಭಾರ ಕೂತ ಮೇಲೆ ಮತ್ತೊಮ್ಮೆ ಅಳೆಯಬೇಕು. ಎರಡು ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಎರಡು ಮೂರು ಮಿಲಿಮೀಟರ್ ಒಳಗಿದ್ದರೆ ಸಾಕು.

ಕಮಾನು ಪಟ್ಟಿಯ ಮುಖ್ಯ ಎಲೆಯನ್ನಷ್ಟೇ ಉಳಿಸಿ ಮಿಕ್ಕ ಎಲೆಗಳನ್ನು ಬಿಚ್ಚಿಟ್ಟು, ಸ್ಟೀರಿಂಗ್ ಗಟ್ಟಿ ಕಟ್ಟಿ, ಆಕ್ಸಲನ್ನು ಜಾಕಿಯಿಂದ ಮೇಲೆ ಕೆಳಗೆ ಮಾಡಿ ನೋಡಿ. ಚಕ್ರ ತಾನಾಗೇ ಎಡಕ್ಕೋ ಬಲಕ್ಕೋ ತಿರುಗಿದರೆ, ಪ್ರತಿ ಹಳ್ಳಕ್ಕೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಎಳೆಕಡ್ಡಿಯ ತುದಿಯ ಎತ್ತರ ಬದಲಿಸಿ ಇದನ್ನು ಈಗಲೇ ಸರಿಮಾಡಬೇಕು. ಎಂಜಿನ್ ಕೂತ ಮೇಲೆ ಆ ಜಾಗಕ್ಕೆ ಕೈ ಹೋಗುವುದಿಲ್ಲ.

ಬ್ರೇಕ್

ಚೆವ್ರೊಲೆಟ್ 1936ರಲ್ಲಿ, ಫೋರ್ಡ್ 1939ರಲ್ಲಿ ಹೈಡ್ರಾಲಿಕ್ ಬ್ರೇಕ್‌ಗೆ ಬಂದವು. ಅದಕ್ಕಿಂತ ಹಳೆಯವುಗಳಲ್ಲಿ ಕಡ್ಡಿ, ವೈರುಗಳ ಬ್ರೇಕ್. ನಿಮ್ಮ ಗಾಡಿ ಅಂಥದ್ದಾದರೆ ಮೊದಲ ಖರ್ಚು ಇದಕ್ಕೇ ಇರಲಿ. ಹೈಡ್ರಾಲಿಕ್ ಇದ್ದರೂ ಆ ಕಾಲದ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಎಣ್ಣೆ ತಳ್ಳುವುದು) ಒಂಟಿ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಮುಂದಿನ ಚಕ್ರಕ್ಕೆ ಬೇರೆ, ಹಿಂದಿನದಕ್ಕೆ ಬೇರೆ ಇರುವ ಜೋಡಿ ಸಿಲಿಂಡರ್ ಹಾಕಿ. ನೆಲದ ಕೆಳಗಿರುತ್ತದೆ, ಯಾರಿಗೂ ಕಾಣುವುದಿಲ್ಲ. 1955ರ ಗೆರೆ ಇಲ್ಲಿ ನನಗೆ ಬೇಡ.

ಬೂಸ್ಟರ್ (ತುಳಿತಕ್ಕೆ ಬಲ ಸೇರಿಸುವ ಭಾಗ) ಇಲ್ಲದ ಬ್ರೇಕಿಗೆ ಪೆಡಲಿನ ಉದ್ದದ ಲೆಕ್ಕ ಮುಖ್ಯ. ಕೀಲಿನಿಂದ ಪಾದ ಇಡುವ ಜಾಗ ಎಷ್ಟು ದೂರವೋ, ಅದು ಕೀಲಿನಿಂದ ತಳ್ಳುವ ಕಡ್ಡಿಗಿರುವ ದೂರದ ಸುಮಾರು ಆರರಷ್ಟಿರಬೇಕು. ಕಡಿಮೆಯಾದರೆ ನಿಂತು ತುಳಿದರೂ ಗಾಡಿ ನಿಲ್ಲುವುದಿಲ್ಲ.

ಮಾಸ್ಟರ್ ಸಿಲಿಂಡರ್ ಚಕ್ರದ ಸಿಲಿಂಡರ್‌ಗಿಂತ ಕೆಳಗಿದ್ದರೆ ಎಣ್ಣೆ ನಿಧಾನಕ್ಕೆ ವಾಪಸ್ ಇಳಿಯುತ್ತದೆ. ಆಗ ಮೊದಲ ತುಳಿತ ಖಾಲಿ ಹೋಗುತ್ತದೆ. ಇದಕ್ಕೆ ಒತ್ತಡ ಹಿಡಿದಿಡುವ ಪುಟ್ಟ ವಾಲ್ವ್ ಬರುತ್ತದೆ. ಡ್ರಮ್ ಬ್ರೇಕಿಗೆ 10 ಪಿಎಸ್‌ಐನದು (ಪಿಎಸ್‌ಐ ಒತ್ತಡದ ಅಳತೆ), ಡಿಸ್ಕಿಗೆ 2 ಪಿಎಸ್‌ಐನದು. ಡ್ರಮ್‌ಗೆಂದೇ ಮಾಡಿದ ಕೆಲವು ಸಿಲಿಂಡರ್‌ಗಳ ಒಳಗೇ ಅದು ಇರುತ್ತದೆ. ಬಿಚ್ಚಿ ನೋಡದೆ ಇನ್ನೊಂದು ಹಾಕಬೇಡಿ, ಬ್ರೇಕ್ ಹಿಡಿದುಕೊಂಡೇ ಇರುತ್ತದೆ.

ಪೈಪಿನ ವಿಷಯದಲ್ಲಿ ಫ್ರಿಜ್ ರಿಪೇರಿಯವರ ತಾಮ್ರದ ಪೈಪ್ ಹಾಕುವ ಚಾಳಿ ನಮ್ಮಲ್ಲಿದೆ. ಅದು ನಡುಗಿ ನಡುಗಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ ಉಕ್ಕಿನ ಅಥವಾ ತಾಮ್ರ-ನಿಕ್ಕಲ್ ಪೈಪ್ ತನ್ನಿ. ತುದಿಯನ್ನು ಎರಡು ಮಡಿಕೆ ಮಾಡಬೇಕು. ಮಡಿಸುವ ಮುಂಚೆ ಪೈಪಿಗೆ ನಟ್ ಪೋಣಿಸಿದ್ದೀರಾ ಅಂತ ನೋಡಿ. ಪೈಪನ್ನು ನೇರವಾಗಿ ಕತ್ತರಿಸಿ, ಒಳಗಿನ ಚೂರು ಕೆರೆದು, ತುದಿಗೆ ಒಂದು ಹನಿ ಬ್ರೇಕ್ ಎಣ್ಣೆ ಹಚ್ಚಿ ಮಡಿಸಿ. ಮಡಿಕೆ ಉಗುರಿಗೆ ನುಣುಪಾಗಿ ಸಿಗಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಕತ್ತರಿಸಿ ಎಸೆದು ಮತ್ತೆ ಮಾಡಿ. ಪೈಪ್ ಸೈಲೆನ್ಸರ್‌ನಿಂದ ದೂರ ಹೋಗಲಿ, ಅಡಿಗೊಂದು ಕ್ಲಿಪ್ ಇರಲಿ.

ಹಳೇ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಡ್ರಮ್ ಬಿಚ್ಚಿದಾಗ ಗಾಳಿ ಹೊಡೆದು ಧೂಳು ಹಾರಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿ ಒರೆಸಿ. ಮತ್ತೆ, ಹ್ಯಾಂಡ್ ಬ್ರೇಕ್ ಸುಮ್ನೆ ಅಲಂಕಾರಕ್ಕಲ್ಲ. ಕಾಲಿನ ಬ್ರೇಕ್ ಕೈಕೊಟ್ಟಾಗ ಉಳಿಯುವುದು ಅದೊಂದೇ.

ಈಗ ಎಂಜಿನ್

ಫೋರ್ಡ್ ವಿ8 ಸಿಕ್ಕರೆ ಸರಿ. ಸಿಗದಿದ್ದರೆ ಕೊರಗಬೇಡಿ. ಚೆವ್ರೊಲೆಟ್‌ನ ಆರು ಸಿಲಿಂಡರಿನ ಎಂಜಿನ್, ಡಾಡ್ಜ್-ಫಾರ್ಗೊ ಲಾರಿಗಳ ಪೆಟ್ರೋಲ್ ಆರು ಸಿಲಿಂಡರ್ ಎರಡೂ ಆ ಕಾಲದವೇ, ಬಾನೆಟ್ ಇಲ್ಲದೆ ಬಿಟ್ಟರೆ ನೋಡಲು ಉದ್ದಕ್ಕೆ ಚೆನ್ನಾಗಿರುತ್ತವೆ. ಅಮೆರಿಕದಲ್ಲೂ ಆರು ಸಿಲಿಂಡರಿನವರದ್ದೇ ಒಂದು ಪಂಗಡವಿದೆ. ನಮ್ಮ ಕಡೆ ಎಷ್ಟೋ ಹಳೇ ಗಾಡಿಗಳಿಗೆ ಯಾರೋ ಯಾವಾಗಲೋ ಡೀಸೆಲ್ ಎಂಜಿನ್ ಹಾಕಿರುತ್ತಾರೆ. ಅದನ್ನು ಇಳಿಸಿ ಮಾರಿ.

1953ರವರೆಗಿನ ಚೆವ್ರೊಲೆಟ್ 216 (ಕ್ಯೂಬಿಕ್ ಇಂಚಿನ) ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿಗೆ ಎಣ್ಣೆ ಚಿಮ್ಮಿ ಬೀಳುವ ವ್ಯವಸ್ಥೆ. ಬೇರಿಂಗ್ ಕೂಡ ಬಿಳಿಲೋಹ ಎರಕ ಹೊಯ್ದದ್ದು. ನಿಧಾನಕ್ಕೆ ಓಡಿಸಿದರೆ ಬಹಳ ಕಾಲ ಬರುತ್ತದೆ, ಕಿರುಚಿಸಿದರೆ ಬೇರಿಂಗ್ ಕರಗುತ್ತದೆ. ಎಣ್ಣೆ ಒತ್ತಡದಿಂದ ಹೋಗುವ 235 ಸಿಕ್ಕರೆ ಅದನ್ನೇ ಹಿಡಿಯಿರಿ.

ಜಾಮ್ ಆದ ಎಂಜಿನ್ನಿಗೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಗೇರ್ ಎಣ್ಣೆ ಬೆರೆಸಿ ಹೊಯ್ದು ವಾರಗಟ್ಟಲೆ ಬಿಡಿ. ಆಮೇಲೆ ಕೈಯಿಂದ ತಿರುಗಿಸಿ. ಬ್ಲಾಕಿನ ನೀರಿನ ದಾರಿಯಲ್ಲಿ ಗಟ್ಟಿಯಾದ ಕೆಸರಿರುತ್ತದೆ. ಪಕ್ಕದ ಗುಂಡು ಮುಚ್ಚಳಗಳನ್ನು ತೆಗೆದು ಕೆರೆದು ತೊಳೆಯಿರಿ. ರೇಡಿಯೇಟರನ್ನು ಹಿತ್ತಾಳೆ ಕೆಲಸ ಬಲ್ಲವರಿಗೆ ಕೊಟ್ಟು ಹೊಸ ಕೋರ್ ಹಾಕಿಸಿ. ಹಳೇ ರೇಡಿಯೇಟರ್ ಒತ್ತಡಕ್ಕೆ ಮಾಡಿದ್ದಲ್ಲ. ಈಗಿನ ಒತ್ತಡದ ಮುಚ್ಚಳ ಹಾಕಿದರೆ ಬೆಸುಗೆ ಬಿಚ್ಚಿಕೊಳ್ಳುತ್ತದೆ.

ಪವರ್ ಜಾಸ್ತಿ ಮಾಡುವ ಹಳೇ ದಾರಿ ಎರಡು ಕಾರ್ಬುರೇಟರ್. ಫಿಯೆಟ್, ಜೀಪಿಗೆ ಬರುತ್ತಿದ್ದ ಸೋಲೆಕ್ಸ್ ಜೋಡಿ ತಂದು ಇನ್‌ಟೇಕ್ ಮಾಡಿಸಬಹುದು. ಎರಡೂ ಸಮ ಉಸಿರಾಡುವಂತೆ ಹೊಂದಿಸಲು ಒಂದು ಇಡೀ ಮಧ್ಯಾಹ್ನ ಬೇಕು. ಗೇರ್‌ಬಾಕ್ಸ್ ಬದಲಿಸುವವರು ಒಂದು ವಿಷಯ ತಿಳಿದಿರಿ: ಆ ಕಾಲದ ಫೋರ್ಡ್, ಚೆವ್ರೊಲೆಟ್‌ಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ದಂಡ) ಒಂದು ಮುಚ್ಚಿದ ಕೊಳವೆಯೊಳಗಿರುತ್ತದೆ. ಗೇರ್‌ಬಾಕ್ಸ್ ಬದಲಾದರೆ ಹಿಂದಿನ ಆಕ್ಸಲ್, ಕಮಾನು ಪಟ್ಟಿ ಎಲ್ಲವೂ ಬದಲಾಗಬೇಕಾಗುತ್ತದೆ. ಇದ್ದದ್ದರಲ್ಲೇ ಮುಗಿಸುವುದು ಜಾಣತನ.

ಈಗ ಬಂಕಿನಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಹೋಸ್, ಪಂಪಿನ ಡಯಾಫ್ರಾಮ್, ಕಾರ್ಕ್ ವಾಷರ್ ಇದಕ್ಕೆ ತಾಳುವುದಿಲ್ಲ. ಎಥನಾಲ್ ತಾಳುವ ಹೋಸ್ ಎಂದೇ ಕೇಳಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ, ಅದೂ ಮಳೆಗಾಲದಲ್ಲಿ, ಟ್ಯಾಂಕ್ ಖಾಲಿ ಮಾಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ತೂತಿದ್ದರೆ ಮನೆಯಲ್ಲಿ ವೆಲ್ಡ್ ಮಾಡಬೇಡಿ. ತೊಳೆದ ಟ್ಯಾಂಕೂ ಸಿಡಿಯುತ್ತದೆ.

ಬಾಡಿ, ವೈರಿಂಗ್, ಬಣ್ಣ

ಚಾವಣಿ ಕತ್ತರಿಸಿ ತಗ್ಗಿಸುವುದು ಹಾಟ್ ರಾಡ್‌ನವರ ದೊಡ್ಡ ಹುಚ್ಚು. ಮೊದಲ ಗಾಡಿಗೆ ಬೇಡ. ಕಂಬಗಳು ಓರೆಯಾಗಿರುವುದರಿಂದ ಎರಡಿಂಚು ತೆಗೆದರೂ ಮೇಲಿನ ಭಾಗ ಕೆಳಗಿನದಕ್ಕೆ ಕೂರುವುದಿಲ್ಲ. ಮಡ್‌ಗಾರ್ಡ್, ಬಾನೆಟ್ ಬದಿಗಳನ್ನು ತೆಗೆದು ಜೋಪಾನವಾಗಿಡಿ. ಬಾಡಿಯನ್ನು ಚಾಸಿ ಮೇಲೆ ಹಾಗೇ ಕೂರಿಸಿ. ಆ ಕಾಲದಲ್ಲೂ ಈ ಬಗೆಯ ಗಾಡಿಗೆ ಮರ್ಯಾದೆ ಜಾಸ್ತಿ ಇತ್ತು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ 1.2 ಮಿಲಿಮೀಟರ್ ಹೊಸ ತಗಡು ಬೆಸೆಯಿರಿ. ತೂತಿನ ಮೇಲೆ ಪುಟ್ಟಿ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಹೊರಗೆ ಬರುತ್ತದೆ. ಹಳೇ ಬಣ್ಣದಲ್ಲಿ ಸೀಸವಿರುತ್ತದೆ, ಒಣಗಿದ್ದಾಗ ಉಜ್ಜಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

6 ವೋಲ್ಟಿನ ಗಾಡಿಯನ್ನು 12ಕ್ಕೆ ಬದಲಿಸಿ. ಕಾಯಿಲ್, ಬಲ್ಬ್, ಡೈನಮೋ ಬದಲಾಗಬೇಕು. ಹಳೇ ಸೆಲ್ಫ್ 12ರಲ್ಲೂ ತಿರುಗುತ್ತದೆ, ಜಾಸ್ತಿ ಹೊತ್ತು ಒತ್ತಬೇಡಿ. ಹಲವು ಹಳೇ ಗಾಡಿಗಳಲ್ಲಿ ಪಾಸಿಟಿವ್ ತಂತಿ ಚಾಸಿಗೆ ಹೋಗುತ್ತದೆ, ಬ್ಯಾಟರಿ ಜೋಡಿಸುವ ಮುಂಚೆ ನೋಡಿ. ಪ್ರತಿ ಸಾಲಿಗೂ ಫ್ಯೂಸ್, ಬ್ಯಾಟರಿಗೆ ಒಂದು ಮುಖ್ಯ ಸ್ವಿಚ್ ಇರಲಿ. ಬಟ್ಟೆ ಸುತ್ತಿದ ಹಳೇ ವೈರ್ ನೋಟ ಬೇಕಿದ್ದರೆ ಹೊಸ ವೈರಿನ ಮೇಲೆ ಬಟ್ಟೆ ಟೇಪ್ ಸುತ್ತಿ.

ಬಣ್ಣ? ಕಪ್ಪು, ಅಥವಾ ರೆಡ್ ಆಕ್ಸೈಡ್ ಪ್ರೈಮರ್. ಆ ಹುಡುಗರ ಬಳಿ ಅದಕ್ಕಿಂತ ಹೆಚ್ಚಿಗೆ ದುಡ್ಡಿರಲಿಲ್ಲ. ಪ್ರೈಮರ್ ನೀರು ಹೀರುತ್ತದೆ ಅನ್ನುವುದು ನೆನಪಿರಲಿ, ಮಳೆಗಾಲಕ್ಕೆ ಮುಂಚೆ ಮೇಲೊಂದು ಮ್ಯಾಟ್ ಲೇಪ ಕೊಡಿ.

ಮೊದಲ ಓಟ

ಸಮತಟ್ಟಾದ ಖಾಸಗಿ ಜಾಗ, ಜೊತೆಗೆ ಒಬ್ಬರು, ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಿಲಿಂಡರ್. ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿ, ಎಣ್ಣೆ ಒತ್ತಡದ ಮುಳ್ಳು ಮೇಲೇಳಲಿ. ಸ್ಟಾರ್ಟ್ ಆದ ಮೇಲೆ ಕಣ್ಣು ಆ ಮುಳ್ಳಿನ ಮೇಲೇ ಇರಲಿ. ಮೊದಲ ದಿನ ನಡಿಗೆಯ ವೇಗದಲ್ಲಿ ಹೋಗಿ ಬ್ರೇಕ್ ತುಳಿಯುವುದಷ್ಟೇ ಕೆಲಸ. ಗಾಡಿ ಒಂದು ಕಡೆಗೆ ಎಳೆದರೆ ಅವತ್ತಿಗೆ ನಿಲ್ಲಿಸಿ, ಡ್ರಮ್ ಬಿಚ್ಚಿ. ನೇರ ನಿಂತರೆ ಸ್ವಲ್ಪ ವೇಗ ಹೆಚ್ಚಿಸಿ ಮತ್ತೆ ತುಳಿಯಿರಿ.

ವಾಪಸ್ ಬಂದ ಕೂಡಲೇ ನಾಲ್ಕೂ ಡ್ರಮ್ ಹತ್ತಿರ ಕೈ ಒಯ್ಯಿರಿ. ಒಂದು ಮಾತ್ರ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಶೂ ಹಿಡಿದಿದೆ. ಚಕ್ರದ ನಟ್, ಕಮಾನು ಪಟ್ಟಿಯ ಯು ಬೋಲ್ಟ್, ಸ್ಟೀರಿಂಗ್ ಜಾಯಿಂಟಿನ ಪಿನ್ ಎಲ್ಲ ಮತ್ತೊಮ್ಮೆ ಬಿಗಿಯಿರಿ. ಹೊಸದಾಗಿ ಕಟ್ಟಿದ ಗಾಡಿಯಲ್ಲಿ ಇವು ಸಡಿಲಾಗುವುದು ಸಹಜ. ಗಾಡಿಯ ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಯಾವ ಜಾಗದಲ್ಲಿ ಯಾವ ಬಣ್ಣದ ಕಲೆ ಬಿದ್ದಿದೆ ನೋಡಿದರೆ, ಮುಂದಿನ ಭಾನುವಾರದ ಕೆಲಸ ಗೊತ್ತಾಗುತ್ತದೆ.